ರಾತ್ರಿಯ ಪಾಲು

ಕೂಸಿಗೆ ಹಾಲು ಬಿಡಿಸೋದು ಅಂದರೆ ಹೆಂಗಸರ ಮಾತು, ಒಲೆ ಮುಂದಿನ ಮಾತು, ಅದನ್ನು ಪತ್ರಿಕೆಯಲ್ಲಿ ಯಾರು ಓದ್ತಾರೆ ಅಂತ ಗೆಳೆಯರೊಬ್ಬರು ಕೇಳಿದರು. ಭೂಮಿಯ ಮೇಲೆ ಬರೀರಿ, ಮೀಸಲಾತಿ ಮೇಲೆ ಬರೀರಿ, ದೌರ್ಜನ್ಯದ ಮೇಲೆ ಬರೀರಿ ಅಂದರು. ಬರೀತೇವೆ. ಆದರೆ ಅದನ್ನೆಲ್ಲ ಬರೆಯೋದಕ್ಕೆ ಒಂದು ರಾತ್ರಿ ಬೇಕು. ದುಡಿದು ಬಂದ ಮೈಗೆ ನಿದ್ದೆ ಬೇಕು. ಆ ರಾತ್ರಿ, ಆ ನಿದ್ದೆ ಯಾರ ಪಾಲಿಗೆ ಎಷ್ಟು ಅಂತ ನಾವು ಹೋದ ಯಾವ ಸಭೆಯಲ್ಲೂ ಠರಾವು ಆಗಿದ್ದನ್ನು ಕಾಣೆವು. ಅದಕ್ಕೇ ಇದನ್ನು ಬರೀತಿದ್ದೇವೆ.

ನಾವು ಅಂದರೆ ಮೂವರು. ಹೆತ್ತವಳು, ಹೆತ್ತವಳ ಅವ್ವ, ಕೂಸಿನ ಅಪ್ಪ. ಬರೆಯೋ ಕೈ ಹೆತ್ತವಳದು. ಮನೆಯಲ್ಲಿ ಮೊದಲ ಡಿಗ್ರಿ ಮುಗಿಸಿದ ಕೈಯೂ ಅದೇ. ಅವ್ವ ಪೌರಕಾರ್ಮಿಕಳು, ಬಸವನಗುಡಿಯ ಬೀದಿ ಗುಡಿಸುತ್ತಾಳೆ. ಕೂಸಿನ ಅಪ್ಪ ಆಟೋ ಓಡಿಸುತ್ತಾನೆ. ಹೆತ್ತವಳು ಮಲ್ಲೇಶ್ವರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ಸಂಜೆ ಬಸ್ಸು ಹತ್ತಿ ಮನೆ ಸೇರುತ್ತಾಳೆ.

ಮನೆ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ. ರಾತ್ರಿ ಚಾಪೆ ಹಾಸಿದರೆ ನೆಲ ಮುಗೀತು. ಗೋಡೆ ಪಕ್ಕ ಅವ್ವ, ಆಮೇಲೆ ಕೂಸು, ಆಮೇಲೆ ಹೆತ್ತವಳು, ಬಾಗಿಲ ಕಡೆ ಅಪ್ಪ. ತಾಯಿ ಮಗು ಒಟ್ಟಿಗೆ ಮಲಗೋದಕ್ಕೆ ಇಂಗ್ಲಿಷಿನಲ್ಲಿ ‘ಕೋ-ಸ್ಲೀಪಿಂಗ್’ ಅಂತ ಹೆಸರಿದೆ ಅಂತ ಮೊಬೈಲಿನಲ್ಲಿ ಓದಿ ಅವ್ವನಿಗೆ ಹೇಳಿದೆವು. ‘ಅದುಕ್ಕೂ ಒಂದ್ ಹೆಸರಾ? ಮತ್ತೆ ಅವ್ರು ಕೂಸ್ನ ಎಲ್ ಮಲಗುಸ್ತಾರಂತೆ?’ ಅಂದಳು. ಬೇರೆ ಕೋಣೆಯಲ್ಲಿ ಅಂದೆವು. ‘ಒಂಟೀಗಾ?’ ಅಂದಳು. ಹೂಂ ಅಂದರೆ ಅವ್ವ ನಂಬಲಿಲ್ಲ.

ಕೂಸಿಗೆ ಇಪ್ಪತ್ತು ತಿಂಗಳು. ಹಗಲು ಮುದ್ದೆ ತಿನ್ನುತ್ತಾಳೆ, ಮೊಟ್ಟೆ ತಿನ್ನುತ್ತಾಳೆ, ಬಾಳೆಹಣ್ಣು ಕಂಡರೆ ಬಿಡೋದಿಲ್ಲ. ರಾತ್ರಿ ಮಾತ್ರ ನಾಲ್ಕು ಸಲ, ಐದು ಸಲ ಎದ್ದು ಎದೆ ಹುಡುಕುತ್ತಿದ್ದಳು. ಅವಳ ಭಾಷೆಯಲ್ಲಿ ಅದು ‘ಮಿಮ್ಮಿ’. ಹೊಟ್ಟೆ ತುಂಬಿದ್ದರೂ ಬೇಕು. ದೊಡ್ಡವರೂ ರಾತ್ರಿ ಹಲವು ಸಲ ಅರೆ ಎಚ್ಚರಾಗಿ, ಮಗ್ಗುಲು ಬದಲಿಸಿ, ಗೊತ್ತೇ ಆಗದಂತೆ ಮತ್ತೆ ಮಲಗುತ್ತಾರೆ. ಎದೆ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗೋ ಕೂಸಿಗೆ ಆ ಅರೆ ಎಚ್ಚರದಲ್ಲೂ ಎದೆಯೇ ಬೇಕಾಗುತ್ತದೆ. ಜನ ಇದಕ್ಕೆ ಹಟ ಅಂತಾರೆ, ಚಟ ಅಂತಾರೆ. ನಿದ್ದೆಗೆ ಮರಳೋಕೆ ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

ಪೂರ್ತಿ ಹಾಲು ಬಿಡಿಸೋ ಅವಸರ ನಮಗಿರಲಿಲ್ಲ. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆಗೆ ಎರಡು ವರ್ಷ ಹಾಗೂ ಅದರಾಚೆಗೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕದ ಮನೆ ಖಾಲಾ, ಕುರ್‌ಆನಿನಲ್ಲೂ ಎರಡು ವರ್ಷ ಅಂತಲೇ ಇದೆ, ಈಗಲೇ ಯಾಕೆ ಬಿಡಿಸ್ತೀ ಅಂದರು. ಹಗಲು ಹಾಲು ಇರಲಿ, ರಾತ್ರಿಯದು ಮಾತ್ರ ನಿಲ್ಲಬೇಕು ಅಂದೆವು. ಯಾಕೆಂದರೆ ಅವ್ವ ಐದಕ್ಕೆ ಎದ್ದು ಆರು-ಆರೂವರೆ ಹೊತ್ತಿಗೆ ಪೊರಕೆ ಹಿಡಿದು ರಸ್ತೆಯಲ್ಲಿರಬೇಕು. ನಿದ್ದೆಗೆಟ್ಟ ಕಣ್ಣಿಗೆ ಮಬ್ಬಿನಲ್ಲಿ ಬರೋ ಲಾರಿ ಕಾಣೋದಿಲ್ಲ. ನಿದ್ದೆಗೆಟ್ಟ ಕಣ್ಣಲ್ಲಿ ಆಟೋ ಓಡಿಸಿದರೆ ಹಿಂದೆ ಕೂತವರ ಜೀವಕ್ಕೂ ಅಪಾಯ. ಹೆತ್ತವಳಂತೂ ಇಪ್ಪತ್ತು ತಿಂಗಳಿಂದ ಒಂದು ರಾತ್ರಿಯೂ ಮೂರು ಗಂಟೆ ಒಟ್ಟಿಗೆ ಮಲಗಿರಲಿಲ್ಲ. ಬೋರ್ಡಿನ ಮುಂದೆ ನಿಂತಲ್ಲೇ ತೂಕಡಿಕೆ. ಪದ್ಯ ಬರೆಯೋದು ಯಾವಾಗಲೋ ನಿಂತಿತ್ತು.

ಅವ್ವ ಒಂದು ಉಪಾಯ ಹೇಳಿದಳು. ‘ಬೇವಿನ್ ಸೊಪ್ಪು ಅರ್ದು ಹಚ್ಕ. ಮೂರ್ ದಿನುಕ್ ಬುಡ್ತಾಳೆ. ನಿಂಗೂ ಅಂಗೇ ಬುಡ್ಸಿದ್ದು.’ ನಮ್ಮ ಕೇರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ದಾರಿ. ಬೇವು, ಇಲ್ಲಾ ಹಾಗಲಕಾಯಿ ರಸ. ಕೆಲವು ಮನೆಗಳಲ್ಲಿ ಕೂಸನ್ನು ವಾರಗಟ್ಟಲೆ ಅಜ್ಜಿ ಊರಿಗೆ ಕಳಿಸಿಬಿಡುತ್ತಾರೆ. ನಿನ್ನೆವರೆಗೆ ಸಿಹಿಯಾಗಿದ್ದ ಎದೆ ಇವತ್ತು ಕಹಿ. ನಿನ್ನೆವರೆಗೆ ಪಕ್ಕದಲ್ಲಿದ್ದ ಅವ್ವ ಇವತ್ತು ಇಲ್ಲ. ಕೂಸಿಗೆ ಯಾಕೆ ಅಂತ ಹೇಳೋರೂ ಇಲ್ಲ.

ಈ ದಾರಿ ಹಿಡಿದ ತಾಯಂದಿರನ್ನು ಕ್ರೂರಿಗಳು ಅನ್ನೋ ಬಾಯಿ ನಮ್ಮದಲ್ಲ. ಅವರಿಗೆ ಸಿಕ್ಕಿದ್ದೇ ಮೂರು ದಿನ. ಚಾಮರಾಜಪೇಟೆ 1892ರಲ್ಲಿ ಆಯಿತು. 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಮನೆ ಮುಂದೆ ತೋಟ ಅಂತ ಈ ಬಡಾವಣೆಗಳನ್ನು ಹೊಗಳಿ ಬರೆದವರು ಬಹಳ ಜನ. ಮನೆಗಳ ಬೆನ್ನ ಹಿಂದೆ ಒಂದು ಸಣ್ಣ ಓಣಿಯೂ ಇತ್ತು. ಕನ್ಸರ್ವೆನ್ಸಿ ಲೇನ್ ಅಂತಿದ್ದರು. ಮಲ ಎತ್ತೋಕೆ ಬರೋ ನಮ್ಮ ಜನ ಮುಂಬಾಗಿಲಿಗೆ ಬರಬಾರದು ಅಂತ ಮಾಡಿದ ಓಣಿ ಅದು. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದ 1970ರ ದಶಕದ ಮೊದಲ ವರ್ಷಗಳಲ್ಲಿ ತಲೆ ಮೇಲೆ ಮಲ ಹೊರೋದನ್ನು ಸರ್ಕಾರ ನಿಲ್ಲಿಸಿತು. ಅದಕ್ಕೆ ಮೊದಲು ಅಜ್ಜಿ ಆ ಓಣಿಗಳಲ್ಲಿ ದುಡಿದವಳು. ಊರು ಏಳೋ ಮುಂಚೆ ಕೆಲಸ ಮುಗೀಬೇಕು. ಹಾಲು ಕುಡಿಯೋ ಕೂಸನ್ನು ಮಬ್ಬಿನಲ್ಲಿ ಬಿಟ್ಟು ಹೋಗಿ, ಎದೆ ಕಟ್ಟಿ ಸೀರೆ ನೆಂದು, ಬಿಸಿಲೇರಿದ ಮೇಲೆ ಬಂದು, ಮೈ ತೊಳೆಯದೆ ಕೂಸು ಮುಟ್ಟೋ ಹಾಗಿರಲಿಲ್ಲ ಅಂತ ಅವ್ವ ಹೇಳ್ತಾಳೆ. ಆ ಅಜ್ಜಿಗೆ ನಿಧಾನವಾಗಿ, ಪ್ರೀತಿಯಿಂದ ಬಿಡಿಸು ಅಂತ ಯಾರು ಹೇಳಬಹುದಿತ್ತು? ನಿಧಾನ ಅನ್ನೋದನ್ನು ಕೂಡ ಈ ಊರು ಹಂಚಿಕೊಟ್ಟದ್ದು ಜಾತಿ ನೋಡಿಯೇ.

ಈಗಿನ ಮಾತೂ ಒಂದಿದೆ. ನಮ್ಮ ವಠಾರದ ಒಬ್ಬಳು ಮಲ್ಲೇಶ್ವರದ ಒಂದು ಮನೆಗೆ ರಾತ್ರಿ ಆಯಾ ಆಗಿ ಹೋಗುತ್ತಾಳೆ. ಆ ಮನೆಯಲ್ಲೂ ಒಂದೂವರೆ ವರ್ಷದ ಕೂಸಿಗೆ ರಾತ್ರಿ ಹಾಲು ಬಿಡಿಸಿದರು. ಬೇವಿಲ್ಲ, ಬೈಗುಳವಿಲ್ಲ, ಬಹಳ ಮೃದುವಾಗಿ. ತಾಯಿ ಬೇರೆ ಕೋಣೆಯಲ್ಲಿ ಮಲಗಿದಳು. ಕೂಸು ಎದ್ದಾಗಲೆಲ್ಲ ಎತ್ತಿಕೊಂಡು ಓಡಾಡಿದವಳು ನಮ್ಮ ವಠಾರದವಳು. ಅವಳಿಗೂ ಎರಡು ವರ್ಷದ ಮಗನಿದ್ದಾನೆ. ಆ ಹದಿನೈದು ರಾತ್ರಿ ಅವನು ಮುದುಕಿ ಅಜ್ಜಿ ಪಕ್ಕದಲ್ಲಿ ಅತ್ತು ಅತ್ತು ಮಲಗಿದ. ಒಂದು ಕೂಸಿಗೆ ಮೃದುವಾದದ್ದು ಇನ್ನೊಂದು ಕೂಸಿನ ಲೆಕ್ಕದಲ್ಲಿ ಖರ್ಚು ಬಿತ್ತು. ಆ ಮನೆಯವರು ಕೆಟ್ಟವರು ಅಂತ ಅಲ್ಲ, ಸಂಬಳ ಸರಿಯಾಗೇ ಕೊಟ್ಟರು. ಆದರೆ ಇದರಿಂದ ನಮಗೊಂದು ಗುಟ್ಟು ತಿಳೀತು. ಮೃದುವಾಗಿ ಬಿಡಿಸೋಕೆ ಬೇಕಾದ್ದು ಬೇರೆ ಕೋಣೆಯಲ್ಲ, ತೊಟ್ಟಿಲಲ್ಲ. ಹಾಲಿಲ್ಲದ ಇನ್ನೊಂದು ಜೊತೆ ತೋಳು. ಆ ತೋಳು ಬಾಗಿಲ ಕಡೆ ಮಲಗಿ ಗೊರಕೆ ಹೊಡೀತಿತ್ತು.

ಕೂಸಿನ ಅಪ್ಪನನ್ನು ಕೂರಿಸಿ ಮಾತಾಡಿದೆವು. ನಮ್ಮ ಗಂಡಸರು ಹೆಂಗಸರ ನೋವಿಗೆ ಕರಗುತ್ತಾರೆ, ಭಾಷಣದಲ್ಲಿ ಕಣ್ಣೀರೂ ಹಾಕುತ್ತಾರೆ, ನಿದ್ದೆ ಬಿಡಿ ಅಂದರೆ ಮಾತ್ರ ಯೋಚಿಸುತ್ತಾರೆ. ಇವನೂ ಯೋಚಿಸಿದ. ‘ನಾನ್ ಎತ್ಕಂಡ್ರೆ ಅವ್ಳ್ ಇನ್ನೂ ಜಾಸ್ತಿ ಅಳ್ತಾಳಲ್ಲ’ ಅಂದ. ಅಳಲಿ, ಅಪ್ಪನ ತೋಳಲ್ಲಿ ಅಳಲಿ ಅಂದೆವು. ಕೊನೆಗೆ ಲೆಕ್ಕ ಹಾಕಿದೆವು. ಹದಿನೈದು ದಿನ ಬೆಳಗಿನ ಬಾಡಿಗೆ ಬಿಟ್ಟು ಒಂಬತ್ತಕ್ಕೆ ಆಟೋ ತೆಗೀಬೇಕು. ದಿನಕ್ಕೆ ಇನ್ನೂರೈವತ್ತು ರೂಪಾಯಿ ಹೋಗುತ್ತದೆ. ನಮ್ಮಂಥ ಮನೆಗೆ ಅದು ಸಣ್ಣ ದುಡ್ಡಲ್ಲ. ಆದರೂ ಒಪ್ಪಿದ.

ದಿನವನ್ನೂ ನೋಡಿ ಗೊತ್ತುಮಾಡಿದೆವು. ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ಮುಗೀಲಿ ಅಂತ ಕಾದೆವು. ದೊಡ್ಡ ಬಸವಣ್ಣನ ಗುಡಿ ಸುತ್ತ ಲಕ್ಷ ಜನ ಕಡಲೆಕಾಯಿ ತಿಂದು ಸಿಪ್ಪೆ ಬಿಟ್ಟು ಹೋದರೆ ಅದನ್ನು ಬಳಿಯೋಳು ಅವ್ವ. ಆ ವಾರ ಅವಳ ನಿದ್ದೆ ಕೆಡಿಸೋ ಹಾಗಿರಲಿಲ್ಲ. ಕೂಸಿಗೆ ಜ್ವರ ಇರಬಾರದು, ಹಲ್ಲು ಮೂಡೋ ನೋವು ಜೋರಾಗಿರಬಾರದು, ಮನೆ ಬದಲಿಸೋ ಗಡಿಬಿಡಿ ಇರಬಾರದು. ಒಂದು ವರ್ಷ ತುಂಬದ ಕೂಸಿಗೆ ಈ ಕೆಲಸ ಬೇಡ. ತೂಕ ಕಡಿಮೆ ಇರೋ ಕೂಸಾದರೆ ಡಾಕ್ಟರನ್ನೋ ಆಸ್ಪತ್ರೆಯ ನರ್ಸಮ್ಮನನ್ನೋ ಮೊದಲು ಕೇಳಬೇಕು.

ಮೊದಲ ವಾರ ರಾತ್ರಿಯನ್ನು ಮುಟ್ಟಲೇ ಇಲ್ಲ. ಹಗಲನ್ನು ಗಟ್ಟಿ ಮಾಡಿದೆವು. ಸಂಜೆ ಶಾಲೆಯಿಂದ ಬಂದ ತಕ್ಷಣ ಬೇರೆ ಕೆಲಸ ಬಿಟ್ಟು ಹಾಲು ಕೊಟ್ಟೆವು. ರಾತ್ರಿ ಊಟಕ್ಕೆ ತುಪ್ಪ ಹಾಕಿದ ಅನ್ನವೋ ರಾಗಿ ಸರಿಯೋ ಹೊಟ್ಟೆ ತುಂಬ. ಹತ್ತು ಗಂಟೆಗೆ ಕೊನೇ ಸಲ ಹಾಲು, ಆಮೇಲೆ ಹಲ್ಲು ಒರೆಸಿ, ಅವ್ವನ ಹಾಡು. ಎದೆ ಬಾಯಲ್ಲಿರುವಾಗಲೇ ನಿದ್ದೆ ಹೋಗದಂತೆ, ಕಣ್ಣು ಮುಚ್ಚೋ ಮೊದಲು ಮೆಲ್ಲಗೆ ಬಿಡಿಸಿ ಬೆನ್ನು ತಟ್ಟಿದೆವು. ಅದೇ ವಾರ ದಿನಾ ಅವಳಿಗೆ ಹೇಳಿದೆವು: ರಾತ್ರಿ ಮಿಮ್ಮಿ ತಾಚಿ ಮಾಡುತ್ತೆ, ಬೆಳಗ್ಗೆ ಮಿಮ್ಮಿ ಏಳುತ್ತೆ. ಇಪ್ಪತ್ತು ತಿಂಗಳ ಕೂಸು ತಾನು ಆಡೋ ಮಾತಿಗಿಂತ ಬಹಳ ಹೆಚ್ಚು ಮಾತು ಅರ್ಥ ಮಾಡಿಕೊಳ್ಳುತ್ತದೆ.

ಬೆಳಗಾಯಿತು ಅಂತ ತೋರಿಸೋದು ಹೇಗೆ? ಪುಸ್ತಕದವರು ಕಿಟಕಿಯಲ್ಲಿ ಸೂರ್ಯನನ್ನು ತೋರಿಸಿ ಅಂತಾರೆ. ನಮ್ಮ ಕೋಣೆಗೆ ಸೂರ್ಯ ಬರೋದಿಲ್ಲ. ಮಸೀದಿಯ ಬೆಳಗಿನ ಬಾಂಗು ಬರುತ್ತದೆ. ‘ಅಲ್ಲಾ ಕೂಗಿದ್ಮೇಲೆ ಮಿಮ್ಮಿ’ ಅಂತ ಅವ್ವನೇ ಗೊತ್ತುಮಾಡಿದಳು. ಆ ಹೊತ್ತಿಗೆ ಅವ್ವನೂ ಕೆಲಸಕ್ಕೆ ಏಳುತ್ತಾಳೆ. ಹಾಲು ಕೊಡಲೂ ಎಚ್ಚರವಾಗಿರಲೂ ಸರಿಯಾದ ಹೊತ್ತು.

ಆಮೇಲಿನ ಮೂರು ರಾತ್ರಿ ಎದ್ದಾಗ ಹಾಲು ಕೊಟ್ಟು, ಇಪ್ಪತ್ತು ಎಣಿಸಿ ಬಿಡಿಸಿದೆವು. ಗೊಣಗಿದಳು, ಮಲಗಿದಳು. ನಾಲ್ಕನೇ ರಾತ್ರಿ ಚಾಪೆಯ ಜಾಗ ಬದಲಾಯಿತು. ಕೂಸಿನ ಪಕ್ಕ ಅಪ್ಪ, ಹೆತ್ತವಳು ಬಾಗಿಲ ಕಡೆ. ಮೈಗೆ ಮೈ ದೂರವಿಲ್ಲ, ಕೈ ಚಾಚಿದರೆ ಸಿಗುತ್ತೇವೆ, ಆದರೆ ಹಾಲಿಲ್ಲ. ಬಂಡಾಯ ಅಂದರೆ ಏನು ಅಂತ ಆ ರಾತ್ರಿ ನೋಡಿದೆವು. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಅಪ್ಪನ ಎದೆಗೆ ಒದ್ದು, ನೀರಿನ ಲೋಟ ತಳ್ಳಿ, ನಲವತ್ತು ನಿಮಿಷ ಕೂಗಿದಳು. ಆಚೆ ಮನೆಯಿಂದ ಗೋಡೆ ಕುಟ್ಟಿದರು. ಮೇಲಿನ ಮನೆಯವನು ‘ಹಾಲ್ ಕೊಟ್ಟು ಮಲಗಸ್ರಮ್ಮ, ಮಗು ಸಾಯಿಸ್ತೀರಾ?’ ಅಂತ ಕೂಗಿದ. ಎದೆ ತಾನಾಗೇ ಸುರೀತಿತ್ತು, ರವಿಕೆ ನೆಂದಿತ್ತು. ಖಾಲಾ ಬಾಗಿಲು ತಟ್ಟಿದರು. ಬೈಯೋಕೆ ಬಂದರು ಅಂದುಕೊಂಡೆವು. ‘ನಾಯಿ ತೋರಿಸ್ಕೊಂಡ್ ಬರ್ತೀನಿ’ ಅಂತ ಎತ್ತಿಕೊಂಡು ವಠಾರದ ಮಧ್ಯೆ ಹತ್ತು ನಿಮಿಷ ಓಡಾಡಿದರು. ವಾಪಸು ಅಪ್ಪನ ಹೆಗಲಿಗೆ ಬಂದಾಗ ಅವಳು ಬಿಕ್ಕುತ್ತಾ ನಿದ್ದೆ ಹೋದಳು.

ಅಳಿಸೋದು ಬೇಡ ಅಂತಲೇ ಹೊರಟವರು ನಾವು. ಆದರೂ ಅತ್ತಳು. ಒಂಟಿಯಾಗಿ ಬಿಟ್ಟು ಅಳಿಸೋದಕ್ಕೂ, ತೋಳಲ್ಲಿ ಹಿಡಿದು ಅಳೋಕೆ ಬಿಡೋದಕ್ಕೂ ವ್ಯತ್ಯಾಸ ಇದೆ ಅನ್ನೋದನ್ನು ಆ ರಾತ್ರಿ ಕಂಡೆವು. ತನ್ನದು ಅಂತ ಇದ್ದದ್ದನ್ನು ಕೊಡೋದಿಲ್ಲ ಅಂದಾಗ ಸಿಟ್ಟಾಗೋ ಹಕ್ಕು ಕೂಸಿಗೂ ಇದೆ. ಆ ಸಿಟ್ಟಿಗೆ ಹೊಡೆಯಬಾರದು, ಸುಮ್ಮನಿರು ಅಂತ ಗದರಬಾರದು, ಗುಮ್ಮ ಬಂತು ಅಂತ ಹೆದರಿಸಬಾರದು. ಸಿಟ್ಟು ಮುಗಿಯೋವರೆಗೂ ಹಿಡಿದುಕೊಂಡಿರೋ ಒಬ್ಬರು ಬೇಕು.

ಐದನೇ ರಾತ್ರಿ ಇಪ್ಪತ್ತೈದು ನಿಮಿಷ, ಆರನೇ ರಾತ್ರಿ ಹತ್ತು. ಏಳನೇ ದಿನ ನೆಗಡಿ, ಜ್ವರ ಬಂತು. ನಾಲ್ಕು ರಾತ್ರಿ ಕೇಳಿದಾಗಲೆಲ್ಲ ಹಾಲು ಕೊಟ್ಟೆವು. ಕಾಯಿಲೆ ಬಿದ್ದ ಕೂಸಿನ ಮುಂದೆ ನಿಯಮ ಹಿಡಿದು ಕೂರಬಾರದು. ಜ್ವರ ಬಿಟ್ಟ ಮೇಲೆ ಮತ್ತೆ ಹೇಳಿದೆವು, ಮತ್ತೆ ಅಪ್ಪನ ಪಕ್ಕ ಮಲಗಿಸಿದೆವು. ಈ ಸಲ ಎರಡು ರಾತ್ರಿ ಸಾಕಾಯಿತು. ಎತ್ತೋದು ಕಡಿಮೆಯಾಗಿ ತಟ್ಟೋದು, ತಟ್ಟೋದು ಕಡಿಮೆಯಾಗಿ ಬರೀ ‘ಹೂಂ, ಇಲ್ಲೇ ಇದೀನಿ’ ಅನ್ನೋ ದನಿ. ಒಂದು ರಾತ್ರಿ ಎದ್ದು ಕೂತು, ‘ಮಿಮ್ಮಿ ತಾಚಿ’ ಅಂತ ತಾನೇ ಹೇಳಿಕೊಂಡು, ಅಪ್ಪನ ತೋಳಿನ ಮೇಲೆ ತಲೆಯಿಟ್ಟು ಮಲಗಿದಳು. ಬಾಂಗು ಕೂಗಿದ ಮೇಲೆ ಓಡಿ ಬಂದು ಹೊಟ್ಟೆ ತುಂಬ ಕುಡಿದಳು. ಈಗಲೂ ಕುಡೀತಾಳೆ.

ಹೆತ್ತವಳ ಮೈಯ ಮಾತನ್ನೂ ಬರೀಬೇಕು, ಯಾಕೆಂದರೆ ಅದನ್ನು ಯಾರೂ ಕೇಳೋದಿಲ್ಲ. ಹಾಲು ಒಂದೇ ಏಟಿಗೆ ನಿಲ್ಲಿಸಿದರೆ ಎದೆ ಕಲ್ಲಾಗುತ್ತದೆ. ಬೇವಿನ ದಾರಿಯ ಇನ್ನೊಂದು ನೋವು ಇದು, ತಾಯಿಯ ನೋವು. ನಿಧಾನವಾಗಿ ಇಳಿಸಿದರೆ ಮೈಯೂ ನಿಧಾನವಾಗಿ ಹಾಲು ಕಡಿಮೆ ಮಾಡಿಕೊಳ್ಳುತ್ತದೆ. ಬಿಗಿದಾಗ ನೋವು ತಗ್ಗುವಷ್ಟು ಮಾತ್ರ ಕೈಯಿಂದ ಹಿಂಡಿ, ತಣ್ಣೀರು ಬಟ್ಟೆ ಹಾಕಿದೆವು. ಗಾಂಧಿ ಬಜಾರಿನಿಂದ ಮಲ್ಲಿಗೆ ತಂದು ಎದೆಗೆ ಕಟ್ಟು ಅಂದಳು ಅವ್ವ. ಇದು ನಮ್ಮ ಕಡೆಯ ಹಳೇ ಪದ್ಧತಿ. ಹೆರಿಗೆಯಾದ ತಾಯಂದಿರಲ್ಲಿ ಮಲ್ಲಿಗೆ ಹೂವನ್ನೂ ಹಾಲು ನಿಲ್ಲಿಸೋ ಮಾತ್ರೆಯನ್ನೂ ಹೋಲಿಸಿ ವೈದ್ಯರು 1988ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೂವಿಗೂ ಹಾಲು ಇಳಿಸೋ ಗುಣ ಕಂಡಿತ್ತು. ಹಗಲು ಹಾಲು ಬೇಕಿದ್ದ ನಾವು ಹೂವನ್ನು ತಲೆಗೇ ಮುಡಿದೆವು. ಎದೆ ಕೆಂಪಾಗಿ, ಗಂಟಾಗಿ, ಚಳಿಜ್ವರ ಬಂದರೆ ಹೂವು ಸೊಪ್ಪು ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಹಾಲು ಕಡಿಮೆಯಾದರೆ ಮುಟ್ಟು ಬೇಗ ಮರಳಬಹುದು, ಬಸಿರೂ ನಿಲ್ಲಬಹುದು. ಹಾಲು ಕೊಡೋವರೆಗೂ ಬಸಿರಾಗೋದಿಲ್ಲ ಅನ್ನೋ ನಂಬಿಕೆ ಎಷ್ಟೋ ಹೆಣ್ಣುಗಳನ್ನು ಮತ್ತೆ ಬಾಣಂತಿ ಕೋಣೆಗೆ ನೂಕಿದೆ.

ಇಷ್ಟೆಲ್ಲ ಆಗಿದ್ದು ಮೂರು ದೊಡ್ಡ ಜೀವ, ಒಬ್ಬ ಒಳ್ಳೇ ನೆರೆಯವಳು, ಹದಿನೈದು ದಿನದ ಬೆಳಗಿನ ಬಾಡಿಗೆ ಇದ್ದದ್ದರಿಂದ. ಗಂಡ ಬಿಟ್ಟು ಹೋದವಳು, ಕಟ್ಟಡದ ಕೆಲಸಕ್ಕೆ ಊರೂರು ಅಲೆಯೋಳು, ಒಂಟಿಯಾಗಿ ಕೂಸು ಸಾಕೋಳು ಏನು ಮಾಡಬೇಕು? ಅವಳು ಬೇವು ಅರೆದರೆ ಅದು ಅವಳ ತಪ್ಪಾ?

1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬ ಅಂಬೇಡ್ಕರರು ಅದರ ಪರ ಎದ್ದು ನಿಂತರು. ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಭಾರದಲ್ಲಿ ಸರ್ಕಾರಕ್ಕೂ ಪಾಲಿದೆ ಅನ್ನೋದು ಅವರ ವಾದ. ಮರುವರ್ಷ ಅದು ಕಾಯ್ದೆಯಾಯಿತು. ಹೆಣ್ಣಿನ ನಿದ್ದೆ ರಾಜಕೀಯದ ಮಾತು ಅಂತ ನಮಗೆ ಹೇಳಿಕೊಟ್ಟವರು ಅವರು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ರಜೆ 26 ವಾರಕ್ಕೆ ಏರಿತು, 50 ಜನ ದುಡಿಯೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೆತ್ತವಳಿಗೆ ಶಾಲೆಯಲ್ಲಿ ಸಿಕ್ಕಿದ್ದು ಆರು ವಾರ. ನಿಮ್ಮದು ಗುತ್ತಿಗೆ, ಬೇಡವಾದರೆ ಬೇರೆಯವರನ್ನು ನೋಡ್ತೀವಿ ಅಂದರು. ಅಂಗನವಾಡಿ ಬಾಗಿಲು ತೆರೆಯೋ ಹೊತ್ತಿಗೆ ಅವ್ವ ಎರಡು ಬೀದಿ ಗುಡಿಸಿ ಮುಗಿಸಿರುತ್ತಾಳೆ. ಉದ್ಯೋಗ ಖಾತ್ರಿ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ 2023-24ರಲ್ಲಿ ಹಳ್ಳಿಗಳಲ್ಲಿ ‘ಕೂಸಿನ ಮನೆ’ಗಳನ್ನು ಸರ್ಕಾರ ಶುರುಮಾಡಿತು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯಾ, ಬಾಗಿಲು ತೆರೆದಿದೆಯಾ, ಒಳಗೆ ನಮ್ಮ ಕೇರಿ ಮಕ್ಕಳನ್ನು ಸೇರಿಸಿಕೊಳ್ತಾರಾ ಅಂತ ಒಂದು ಸಲ ಹೋಗಿ ನೋಡಿ. ಬೆಳಗಿನ ಆರು ಗಂಟೆಗೆ ತೆರೆಯೋ ಅಂಥ ಮನೆ ನಗರದ ಪೌರಕಾರ್ಮಿಕರಿಗೂ ಬೇಕು. 2022ರ ಜುಲೈನಲ್ಲಿ ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟು ಬೀದಿಗಿಳಿದ ಹೆಂಗಸರಲ್ಲಿ ಅವ್ವನೂ ಇದ್ದಳು. ಕೇಳಿದರೆ ಸಿಗುತ್ತದೆ, ಕೂತು ಕೇಳಬೇಕು ಅನ್ನೋದು ಅವಳಿಗೆ ಗೊತ್ತು.

ಸರ್ಕಾರದಿಂದ ಕೇಳಬೇಕಾದ್ದು ಅದು. ನಮ್ಮವರಿಂದ ಕೇಳಬೇಕಾದ್ದು ಇನ್ನೊಂದಿದೆ. ಸಂಘಟನೆಯ ಗೆಳೆಯರೇ, ಸಭೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುವಾಗ ನೀವು ದಣಿದಿರುತ್ತೀರಿ, ನಿಜ. ಚಾಪೆಯ ಇನ್ನೊಂದು ತುದಿಯಲ್ಲಿರೋಳೂ ದಣಿದಿರುತ್ತಾಳೆ. ಎದೆಹಾಲಿನ ಮೇಲೆ ನೀವು ಬರೆದ ಪದ್ಯಗಳನ್ನು ಓದಿದ್ದೇವೆ, ಚೆನ್ನಾಗಿವೆ. ಆ ಹಾಲನ್ನು ಅಮೃತ ಅನ್ನೋ ಮೊದಲು, ಎರಡು ಗಂಟೆ ರಾತ್ರಿಯಲ್ಲಿ ಅಳೋ ಕೂಸನ್ನು ಅವಳ ಪಕ್ಕದಿಂದ ಎತ್ತಿಕೊಂಡು ನಿಮ್ಮ ಹೆಗಲಿಗೆ ಹಾಕಿಕೊಳ್ಳಿ. ಮೊದಲು ಒದೆಯುತ್ತಾಳೆ. ನಾಲ್ಕೈದು ರಾತ್ರಿ ತಾಳಿಕೊಳ್ಳಿ.